ಕಣಜ ಕಚ್ಚಿದಾಗ ಮೊದಲ ಇಂಜೆಕ್ಷನ್ ಯಾವುದು?

ನವರಾತ್ರಿ ಕಳೆದು ಅಡಿಕೆ ಕೊಯ್ಲು ಶುರುವಾಯಿತು ಅಂದರೆ ನಮ್ಮ ಆರೋಗ್ಯ ಕೇಂದ್ರಕ್ಕೆ ಹುಳ ಕಚ್ಚಿಸಿಕೊಂಡವರು ಬರತೊಡಗುತ್ತಾರೆ. ಮಳೆಗಾಲದುದ್ದಕ್ಕೂ ಬೆಳೆದ ಕಣಜದ ಗೂಡು ಆ ಹೊತ್ತಿಗೆ ತುಂಬಿರುತ್ತದೆ. ಅಡಿಕೆ ಗೊನೆ ಇಳಿಸುವ ಕೊನೆಗಾರರು ಮರ ಹತ್ತುವುದೂ ಆಗಲೇ. ಕೊಯ್ಲು ಮುಗಿಯುತ್ತಾ ಬಂದ ಹಾಗೆ ಬೆಟ್ಟದಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸುವವರ ಸರದಿ. ನಾನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ದೊಡ್ಡ ಆಸ್ಪತ್ರೆಗೆ ಇಲ್ಲಿಂದ ತಿರುವುಗಳ ದಾರಿ, ಮಳೆ ಬಂದರೆ ಇನ್ನೂ ನಿಧಾನ. ಹಾಗಾಗಿ ಕಣಜದ ವಿಷಯದಲ್ಲಿ ಜೀವ ಉಳಿಸುವ ಕೆಲಸ ಏನಿದ್ದರೂ ಇಲ್ಲೇ ಆಗಬೇಕು.

ಬಂದವರಲ್ಲಿ ಹೆಚ್ಚಿನವರಿಗೆ ದೊಡ್ಡ ತೊಂದರೆ ಇರುವುದಿಲ್ಲ. ಉರಿ, ಊತ, ಒಂದೆರಡು ದಿನದ ನೋವು, ಅಷ್ಟೇ. ಕೆಲವರಿಗೆ ಬೆರಳಿಗೆ ಕಚ್ಚಿದರೆ ಮಾರನೇ ದಿನ ಮೊಣಕೈವರೆಗೂ ಬಾತುಕೊಳ್ಳುತ್ತದೆ. ನೋಡಲು ಭಯಂಕರ, ಆದರೆ ಜೀವಕ್ಕೆ ಅಪಾಯವಿಲ್ಲ. ಇದನ್ನು ಕೀವಿನ ಊತ ಅಂದುಕೊಂಡು ಆ್ಯಂಟಿಬಯಾಟಿಕ್ ಬರೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅಗತ್ಯವಿಲ್ಲ. ತಣ್ಣೀರು ಬಟ್ಟೆ, ತುರಿಕೆಯ ಮಾತ್ರೆ ಸಾಕು. ಸುಣ್ಣ ಬಳಿದುಕೊಂಡು ಬಂದವರಿಗೆ ಕಣಜದ ಗಾಯಕ್ಕಿಂತ ಸುಣ್ಣ ಸುಟ್ಟ ಗಾಯವೇ ಮಾಯಲು ತಡವಾಗುತ್ತದೆ.

ನಾನು ಹೇಳಹೊರಟಿರುವುದು ಉಳಿದ ಕೆಲವರ ಬಗ್ಗೆ. ಒಂದೇ ಒಂದು ಹುಳ ಕಚ್ಚಿರುತ್ತದೆ. ಹತ್ತು ನಿಮಿಷದೊಳಗೆ ಮೈತುಂಬ ದದ್ದು, ಗಂಟಲು ಬಿಗಿದ ಹಾಗೆ, ದನಿ ಬದಲು, ತಲೆಸುತ್ತು, ವಾಂತಿ. ಕೆಲವರಿಗೆ ದದ್ದೇ ಏಳುವುದಿಲ್ಲ, ನೇರವಾಗಿ ಬಿಪಿ ಬಿದ್ದು ಕುಸಿಯುತ್ತಾರೆ. ಇದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ಅಲರ್ಜಿ. ವಿಷ ಎಷ್ಟು ಹೋಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹಿಂದೆ ಯಾವತ್ತೋ ಕಚ್ಚಿದಾಗ ಮೈ ಆ ವಿಷವನ್ನು ಗುರುತು ಇಟ್ಟುಕೊಂಡಿರುತ್ತದೆ, ಈ ಸಲ ಅತಿಯಾಗಿ ಕೆರಳುತ್ತದೆ. "ಹೋದ ವರ್ಷವೂ ಕಚ್ಚಿತ್ತು ಡಾಕ್ಟ್ರೇ, ಆಗ ಏನೂ ಆಗಿರಲಿಲ್ಲ" ಅಂತ ಮನೆಯವರು ಹೇಳುವುದುಂಟು. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಂಡದ್ದೂ ಇದನ್ನೇ. ಅನಿಮೋನ್ ಎಂಬ ಕಡಲ ಜೀವಿಯ ವಿಷವನ್ನು ಒಮ್ಮೆ ತಡೆದುಕೊಂಡಿದ್ದ ನಾಯಿ, ಕೆಲವು ವಾರ ಬಿಟ್ಟು ಸ್ವಲ್ಪವೇ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಈ ಕೆಲಸಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಇದಕ್ಕೆ ಮದ್ದು ಒಂದೇ, ಅಡ್ರಿನಲಿನ್. ಬೆಲೆ ತೀರಾ ಕಡಿಮೆ, ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಇರುವಂಥದ್ದು. ಆದರೂ ನಾನು ಕೆಲಸ ಮಾಡಿದ ಕಡೆಯೆಲ್ಲ ನೋಡಿದ್ದು ಬೇರೆ. ಹುಳ ಕಚ್ಚಿದೆ ಅಂದ ಕೂಡಲೇ ಕೈ ಹೋಗುವುದು ಅಲರ್ಜಿಗೆ ಕೊಡುವ ಅವಿಲ್ ಇಂಜೆಕ್ಷನ್ ಕಡೆಗೆ, ಜೊತೆಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್. ಎರಡನ್ನೂ ಕೊಟ್ಟು "ಈಗ ಕಮ್ಮಿ ಆಗುತ್ತೆ" ಅಂತ ಕಾಯುವುದು. ಅವಿಲ್ ತುರಿಕೆಯನ್ನು ಇಳಿಸುತ್ತದೆ. ಬಿದ್ದ ಬಿಪಿಯನ್ನು ಎತ್ತುವುದಿಲ್ಲ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಹೈಡ್ರೋಕಾರ್ಟಿಸೋನ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಅಷ್ಟು ಹೊತ್ತು ನಮ್ಮ ಹತ್ತಿರ ಎಲ್ಲಿದೆ? ಬ್ರಿಟನ್ನಿನಲ್ಲಿ ಅನಾಫಿಲಾಕ್ಸಿಸ್‌ನಿಂದ ಸತ್ತವರ ದಾಖಲೆಗಳನ್ನು ಕೆದಕಿ ನೋಡಿದ ರಿಚರ್ಡ್ ಪಂಫ್ರಿ 2000ರಲ್ಲಿ ಬರೆದ ಪ್ರಕಾರ, ಹುಳದ ವಿಷದಿಂದಾದ ಸಾವುಗಳಲ್ಲಿ ಕಚ್ಚಿದ್ದಕ್ಕೂ ಹೃದಯವೋ ಉಸಿರೋ ನಿಂತದ್ದಕ್ಕೂ ನಡುವಿನ ಅಂತರ ಸುಮಾರು 15 ನಿಮಿಷ.

ಸಿಸ್ಟರ್‌ಗಳ ಜೊತೆ ಕೂತು ಮಾತಾಡಿದಾಗ ಕಾರಣ ಗೊತ್ತಾಯಿತು. ಅವರಿಗೆ ಅಡ್ರಿನಲಿನ್ ಗೊತ್ತಿಲ್ಲ ಅಂತಲ್ಲ. ಅವರು ಅದನ್ನು ನೋಡಿದ್ದು ಹೃದಯ ನಿಂತವರ ಎದೆ ಒತ್ತುವಾಗ ಮಾತ್ರ. ಅವರ ಲೆಕ್ಕದಲ್ಲಿ ಅದು ಕೊನೆಯ ಇಂಜೆಕ್ಷನ್. ಮಾತಾಡುತ್ತಾ ಕೂತಿರುವವರಿಗೆ ಅದನ್ನು ಚುಚ್ಚಲು ಯಾರಿಗೆ ಧೈರ್ಯ ಬರುತ್ತದೆ? "ಬಿಪಿ ಇನ್ನೂ ಸಿಗ್ತಾ ಇದೆಯಲ್ಲ ಸರ್, ಸ್ವಲ್ಪ ನೋಡೋಣವಾ?" ಅಂತ ಒಬ್ಬರು ಕೇಳಿದ್ದರು. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಹೃದಯ ಬಡಿಯುತ್ತಿರುವವರಿಗೆ ಇಡೀ ಆಂಪ್ಯೂಲನ್ನು (ಮದ್ದಿನ ಪುಟ್ಟ ಗಾಜಿನ ಸೀಸೆ) ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯದ ಬಡಿತವೇ ತಪ್ಪಬಹುದು. ತೊಡೆಯ ಹೊರಬದಿಯ ಮಾಂಸಕ್ಕೆ ಕೊಟ್ಟರೆ ಅದೇ ಮದ್ದು ಸುರಕ್ಷಿತ. ಬೇಕಾದರೆ ಪಂಚೆಯ ಮೇಲಿಂದಲೇ ಚುಚ್ಚಬಹುದು.

ಹಾಗಾಗಿ ಮಾಡಿದ್ದು ಇಷ್ಟು. ಅಡ್ರಿನಲಿನ್ ಅನ್ನು ಎಮರ್ಜೆನ್ಸಿ ಟ್ರೇಯಿಂದ ತೆಗೆದು ಬೇರೆ ಡಬ್ಬಿಯಲ್ಲಿಟ್ಟೆವು. ಟ್ರೇಯಲ್ಲಿ ಅದರ ಪಕ್ಕದಲ್ಲೇ ಅಟ್ರೋಪಿನ್ ಇರುತ್ತದೆ, ಎರಡೂ ಪುಟ್ಟ ಆಂಪ್ಯೂಲ್, ಗಡಿಬಿಡಿಯಲ್ಲಿ ಕೈ ತಪ್ಪುತ್ತದೆ. ಡಬ್ಬಿಗೆ ಕೆಂಪು ಟೇಪ್ ಸುತ್ತಿದೆವು. ಒಳಗೆ ಸಿರಿಂಜ್, ಒಂದಿಂಚಿನ ಸೂಜಿ. ಇನ್ಸುಲಿನ್ ಸೂಜಿ ಬೇಡವೇ ಬೇಡ, ಅದು ಚರ್ಮದ ಕೆಳಗಿನ ಕೊಬ್ಬಿನಲ್ಲೇ ನಿಲ್ಲುತ್ತದೆ. ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದೆ: ದೊಡ್ಡವರಿಗೆ ಅರ್ಧ ಎಂಎಲ್, 6ರಿಂದ 12 ವರ್ಷದವರಿಗೆ 0.3, ಅದಕ್ಕಿಂತ ಚಿಕ್ಕವರಿಗೆ 0.15. ತೊಡೆಗೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಅವಿಲ್ ಆ ಡಬ್ಬಿಯೊಳಗೆ ಇಲ್ಲ. ಬೇಕೆಂದೇ ಇಡಲಿಲ್ಲ. ಅದನ್ನು ತರಬೇಕಾದರೆ ಆಚೆಯ ಕಪಾಟಿಗೆ ಹೋಗಬೇಕು.

ಒಬ್ಬ ಕೊನೆಗಾರರನ್ನು ಹೀಗೆ ಕರೆತಂದಿದ್ದರು. ಕುತ್ತಿಗೆಯ ಹಿಂದೆ ಒಂದೇ ಗುರುತು. ತುಟಿ ದಪ್ಪಗಾಗಿತ್ತು, ಕೇಳಿದ್ದಕ್ಕೆಲ್ಲ ಪಿಸುಮಾತಿನಲ್ಲಿ ಉತ್ತರ. ಕೈಯಲ್ಲಿ ನಾಡಿ ಸಿಗುತ್ತಿರಲಿಲ್ಲ. ಮಲಗಿಸಿ, ಕಾಲಡಿಗೆ ಎರಡು ದಿಂಬು ಇಟ್ಟು ಸಿಸ್ಟರ್ ನನ್ನ ಮುಖ ನೋಡುವ ಮೊದಲೇ ತೊಡೆಗೆ ಕೊಟ್ಟರು. ಆಕ್ಸಿಜನ್ ಹಾಕಿ, ಸಲೈನ್ ಜೋರಾಗಿ ಬಿಟ್ಟೆವು. ಎರಡನೇ ಇಂಜೆಕ್ಷನ್ ಕೂಡ ಬೇಕಾಯಿತು. ಅದಾದ ಮೇಲೆ ಕೈ ನಡುಗಿತು, ಎದೆ ಡಬಡಬ ಅಂತು. ಮದ್ದು ಕೆಲಸ ಮಾಡುತ್ತಿದೆ ಅನ್ನುವ ಲಕ್ಷಣ ಅದು. ಮುಂಚೆಯೇ ಹೇಳಿಬಿಟ್ಟರೆ ರೋಗಿ ಹೆದರುವುದಿಲ್ಲ. ದನಿ ಮರಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಉಳಿದ ಮರದ್ದು ಯಾರು ಇಳಿಸಿದ್ರು ಮಾರಾಯ್ರೆ?"

ಸುಧಾರಿಸಿದ ಮೇಲೆ ಅವರು ಎದ್ದು ಕೂರಲು ಹೊರಟರು, ನಾನು ಗದರಿ ಮಲಗಿಸಿದೆ. ಅನಾಫಿಲಾಕ್ಸಿಸ್‌ನಲ್ಲಿ ರಕ್ತನಾಳಗಳೆಲ್ಲ ಸಡಿಲವಾಗಿ ರಕ್ತ ಕಾಲಿನ ಕಡೆ ನಿಂತುಬಿಟ್ಟಿರುತ್ತದೆ. ಆಗ ಥಟ್ಟನೆ ಎದ್ದರೆ ಹೃದಯಕ್ಕೆ ವಾಪಸು ಬರುವ ರಕ್ತವೇ ಇಲ್ಲವಾಗಿ ಅಲ್ಲೇ ಕುಸಿದು ಸತ್ತವರಿದ್ದಾರೆ. ಪಂಫ್ರಿಯೇ ಇದನ್ನೂ ಗಮನಿಸಿ ಬರೆದಿದ್ದಾರೆ. ಉಸಿರಾಟದ ತೊಂದರೆಯೇ ಹೆಚ್ಚಾಗಿದ್ದರೆ ಒರಗಿ ಕೂರಬಹುದು, ಬಸುರಿಯರು ಎಡಮಗ್ಗುಲಿಗೆ. ನಿಲ್ಲುವುದು, ನಡೆಯುವುದು ಮಾತ್ರ ಯಾರಿಗೂ ಬೇಡ. ಈಗ ನಮ್ಮೂರಿನ ರೂಢಿ ನೋಡಿ. ರೋಗಿಯನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವುದು. ಪ್ರಜ್ಞೆ ತಪ್ಪುತ್ತಿದ್ದರೂ ಹಿಂದಿನವನು ಬಿಗಿಯಾಗಿ ಹಿಡಿದು ನೆಟ್ಟಗೆ ಕೂರಿಸಿರುತ್ತಾನೆ. ಬೀಳಿಸದೆ ತಂದೆ ಅಂತ ಅವನಿಗೆ ಸಮಾಧಾನ. ಇಷ್ಟು ಕೆಟ್ಟ ಭಂಗಿ ಬೇರೆ ಇಲ್ಲ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಬಿಪಿಗೆ ಯಾವ ಮಾತ್ರೆ ನುಂಗುತ್ತಾರೆ ಅನ್ನುವುದು. ಅಟೆನೊಲಾಲ್ ಥರದ್ದಾದರೆ ಅಡ್ರಿನಲಿನ್ ಸರಿಯಾಗಿ ಹತ್ತುವುದಿಲ್ಲ. ಅಂಥವರನ್ನು ಮೊದಲ ಇಂಜೆಕ್ಷನ್ ಕೊಟ್ಟ ಕೂಡಲೇ 108ರಲ್ಲಿ ಮೇಲಿನ ಆಸ್ಪತ್ರೆಗೆ ಹೊರಡಿಸುತ್ತೇನೆ, ಜೊತೆಗೆ ಸಿಸ್ಟರ್, ಅವರ ಕೈಯಲ್ಲಿ ಕೆಂಪು ಡಬ್ಬಿ. ಉಳಿದವರು ಚೆನ್ನಾಗಿ ಕಂಡರೂ ರಾತ್ರಿ ಇಲ್ಲೇ ಇರಬೇಕು. ಕೆಲವು ಗಂಟೆಯ ನಂತರ ಎರಡನೇ ಸಲ ಮರುಕಳಿಸುವುದುಂಟು.

ಗೂಡೇ ಎದ್ದು ಬಂದು ಹತ್ತಾರು ಹುಳ ಕಚ್ಚಿದ ಕೇಸು ಪೂರ್ತಿ ಬೇರೆ. ಅಲ್ಲಿ ಅಲರ್ಜಿ ಇಲ್ಲದಿದ್ದರೂ ವಿಷವೇ ಸಾಕು. ಸ್ನಾಯು ಕರಗಿ, ರಕ್ತಕಣ ಒಡೆದು, ಎರಡೂ ಸೇರಿ ಕಿಡ್ನಿಯನ್ನು ಕೆಡಿಸುತ್ತವೆ. ಮೊದಲ ದಿನ ರೋಗಿ ಎದ್ದು ಓಡಾಡಿಕೊಂಡಿರುತ್ತಾರೆ, "ಮನೆಗೆ ಬಿಡಿ, ದನ ಕರೆಯಬೇಕು" ಅನ್ನುತ್ತಾರೆ. ಬಿಡುವುದಿಲ್ಲ. ಮೂತ್ರವನ್ನು ಬಿಳಿ ಡಬ್ಬಿಯಲ್ಲಿ ಹಿಡಿದು ತೋರಿಸಲು ಹೇಳುತ್ತೇನೆ. ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಅಥವಾ ಪ್ರಮಾಣ ಇಳಿದರೆ, ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಬೇಕು. ಮುಂದಿನ ಎರಡು ಮೂರು ದಿನವೂ ಇದೇ ಕಾವಲು.

ಯಾವ ಹುಳ ಅನ್ನುವುದನ್ನೂ ಬರೆದಿಡುತ್ತೇನೆ. ಗಾಯದಲ್ಲಿ ಕಪ್ಪು ಮುಳ್ಳು ಉಳಿದಿದ್ದರೆ ಜೇನು. ಉಗುರಿನಿಂದಲೋ ಚಿಮಟದಿಂದಲೋ, ಹೇಗಾದರೂ ಸರಿ, ಬೇಗ ತೆಗೆಯಬೇಕು. ಕಣಜ ಮುಳ್ಳು ಬಿಡುವುದಿಲ್ಲ, ಅದಕ್ಕೇ ಒಂದೇ ಹುಳ ನಾಲ್ಕು ಸಲ ಚುಚ್ಚಬಲ್ಲದು. ನಮ್ಮವರು ಹೊಡೆದ ಹುಳವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತರುತ್ತಾರೆ, ಒಳ್ಳೆಯದೇ. ಮೈ ಕಪ್ಪು, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿ ಇದ್ದರೆ ದೊಡ್ಡ ಕಣಜ, ವೆಸ್ಪ ಜಾತಿಯದ್ದು. ಮರದ ಮೇಲೆ ಕಾಗದದ ಬುರುಡೆಯಂಥ ಗೂಡು ಕಟ್ಟುವುದೂ, ನೆಲದ ಪೊಟರೆಯಲ್ಲಿ ಅಡಗುವುದೂ ಈ ಗುಂಪಿನವೇ. ಸೂರಿನಡಿ, ಕಿಟಕಿಯ ಮೂಲೆಯಲ್ಲಿ ಮುಚ್ಚಿಗೆಯಿಲ್ಲದ ಪುಟ್ಟ ಗೂಡು ಕಟ್ಟುವ ಕಂದು ಕಣಜ ಬೇರೆ, ರೋಪಾಲಿಡಿಯ. ಸುಮ್ನೆ ಕೆಣಕದಿದ್ದರೆ ಅದರ ಪಾಡಿಗೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಇಂಥ ಸಂಗತಿಗಳನ್ನು ಮನೆಯವರಿಗೆ ಓದಲು ಕೊಡೋಣ ಅಂತ ಕನ್ನಡದಲ್ಲಿ ಹುಡುಕಿದರೆ ಭತ್ತ ತುಂಬುವ ಕಣಜ, ಸರ್ಕಾರದ ಜ್ಞಾನಕೋಶ 'ಕಣಜ' ಇವೇ ಮೊದಲು ಎದುರಾಗುತ್ತವೆ. ಹುಳ ಎಲ್ಲೋ ಹಿಂದೆ.

ಒಮ್ಮೆ ಹೀಗಾದವರಿಗೆ ಮುಂದೇನು? ಹೊರದೇಶಗಳಲ್ಲಿ ಆ ವಿಷವನ್ನೇ ಹನಿಹನಿಯಾಗಿ ಮೂರರಿಂದ ಐದು ವರ್ಷ ಚುಚ್ಚಿ ಮೈಯನ್ನು ಪಳಗಿಸುತ್ತಾರೆ. ಆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ ಅಂತ 1978ರಲ್ಲೇ ಅಮೆರಿಕದಲ್ಲಿ ತೋರಿಸಿಕೊಟ್ಟಿದ್ದಾರೆ. ನಮ್ಮ ಹಳ್ಳಿಯವರ ಕೈಗೆ ಅದು ಎಟುಕುವ ಮಾತಲ್ಲ. ತಾನಾಗಿ ಚುಚ್ಚುವ ಅಡ್ರಿನಲಿನ್ ಪೆನ್ನು ಕೂಡ ಇಲ್ಲಿಯ ಮದ್ದಿನಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಕನ್ನಡಕದ ಡಬ್ಬಿಯಲ್ಲಿ ಎರಡು ಆಂಪ್ಯೂಲ್, ಎರಡು ಸಿರಿಂಜ್, ಚೂರು ಹತ್ತಿ ಹಾಕಿ ಕೊಡುತ್ತೇನೆ. ಅರ್ಧ ಎಂಎಲ್ ಗೆರೆಯ ಮೇಲೆ ಪೆನ್ನಿನಿಂದ ಗುರುತು. ಹೆಂಡತಿಯನ್ನೋ ತಮ್ಮನನ್ನೋ ಕೂರಿಸಿ, ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಒಡೆಸಿ, ಎಳೆಸಿ, ದಿಂಬಿಗೆ ಚುಚ್ಚಿಸಿ ಕಲಿಸುತ್ತೇನೆ. ಆಂಪ್ಯೂಲಿನ ಕುತ್ತಿಗೆ ಮುರಿಯುವಾಗ ಬೆರಳು ಕೊಯ್ದುಕೊಳ್ಳದಿರಲು ಹತ್ತಿ. ಬಿಸಿಲಿಗೆ ಇಡಬೇಡಿ, ಬೈಕಿನ ಸೀಟಿನಡಿ ಬೇಡ. ಮದ್ದು ಗುಲಾಬಿಯೋ ಕಂದೋ ಆದರೆ ತನ್ನಿ, ಬದಲಿಸಿಕೊಡುತ್ತೇನೆ. ಮುಗಿಯುವ ತಾರೀಖು ಡಬ್ಬಿಯ ಮೇಲೆ ಬರೆದಿರುತ್ತೇನೆ. ಚುಚ್ಚಿಕೊಂಡ ಮೇಲೂ ಆಸ್ಪತ್ರೆಗೆ ಬರಲೇಬೇಕು.

ಕೇಂದ್ರದ ರಿಜಿಸ್ಟರಿನಲ್ಲಿ ಈಗ ಎರಡು ಕಾಲಂ ಜಾಸ್ತಿ ಎಳೆದಿದ್ದೇವೆ: ಕಚ್ಚಿದ ಹೊತ್ತು, ಅಡ್ರಿನಲಿನ್ ಕೊಟ್ಟ ಹೊತ್ತು. ಬಾಗಿಲೊಳಗೆ ಬಂದ ಮೇಲಿನ ತಡ ಹೆಚ್ಚುಕಮ್ಮಿ ಹೋಗಿದೆ. ಉಳಿದಿರುವುದು ರಸ್ತೆಯ ತಡ. ಅದಕ್ಕೆ ಈ ಕೊಯ್ಲಿಗೆ ಮೊದಲು ಆಶಾ ಕಾರ್ಯಕರ್ತೆಯರ ಜೊತೆ ಆಟೋ, ಪಿಕಪ್ ಓಡಿಸುವವರನ್ನೂ ಕರೆದಿದ್ದೆ. ಬೈಕಿನಲ್ಲಿ ತರಬೇಡಿ, ಪಿಕಪ್ಪಿನ ಹಿಂದೆ ಚಾಪೆ ಹಾಸಿ ಮಲಗಿಸಿ ತನ್ನಿ, ಹೊರಟ ಕೂಡಲೇ ನಮಗೊಂದು ಫೋನ್ ಮಾಡಿ ಅಂತ ಹೇಳಿದೆ. ಒಬ್ಬರು ಎದ್ದು, "ದಾರಿಯಲ್ಲಿ ನೆಟ್‌ವರ್ಕ್ ಇರೋದು ಸೇತುವೆ ಹತ್ರ ಮಾತ್ರ ಡಾಕ್ಟ್ರೇ" ಅಂದರು. ಸರಿ, ಸೇತುವೆ ಹತ್ತಿರವೇ ಮಾಡಿ ಅಂದೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮದ್ದು ಎಳೆದಿಟ್ಟುಕೊಳ್ಳಬಹುದು.