ತಿಂಗಳಿಗೊಂದು ಚರ್ಮದ ಕೆಲಸ: ಮೂರನೇ ಸಲಕ್ಕೆ ಕೈಹಿಡಿಯಿತು

ತಿಂಗಳಿಗೊಂದು ಚರ್ಮದ ವಸ್ತು ಕೈಯಾರೆ ಮಾಡ್ತೀವಿ ಅಂದಾಗ "ಮಾರ್ಚ್ ದಾಟಲ್ಲ ಬಿಡಿ" ಅಂದವರು ಒಬ್ಬಿಬ್ಬರಲ್ಲ. ನನ್ನ ಹೆಂಡತಿ ಅಂದಳು, ಫ್ಯಾಕ್ಟರಿಯಲ್ಲಿ ನಾನಿರುವ ಉಪಕರಣ ತಯಾರಿಸುವ ವಿಭಾಗ, ಅಂದರೆ ಟೂಲ್‌ರೂಮಿನ ಗೆಳೆಯರು ಅಂದರು, ನಮ್ಮ ಗುಂಪಿನಲ್ಲೇ ಇರುವ ಬ್ಯಾಂಕಿನವರೂ ಅಂದರು. ಅವರ ತಪ್ಪೇನಿಲ್ಲ. ಹಿಂದಿನ ಎರಡು ವರ್ಷವೂ ಮಾರ್ಚ್ ಒಳಗೇ ಮಂಗಳ ಹಾಡಿದ್ದೆವು. ಈ ಸಲ ಡಿಸೆಂಬರ್ ಮುಟ್ಟಿದೆವು. ಹೊಸೂರಿನಲ್ಲಿ ಏಳು ಜನ ಶುರು ಮಾಡಿ, ಐದು ಜನ ಹನ್ನೆರಡೂ ತಿಂಗಳು ಮುಗಿಸಿದ್ದೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಸೂಜಿಯ ಹೊಲಿಗೆ (ಒಂದೇ ದಾರದ ಎರಡೂ ತುದಿಗೆ ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ), ಅಂಚು ತಿಕ್ಕಿ ಹೊಳಪು ತರುವುದು, ವೆಜಿಟೇಬಲ್ ಟ್ಯಾನ್‌ಗೂ ಕ್ರೋಮ್‌ಗೂ ಇರುವ ವ್ಯತ್ಯಾಸ (ಮೊದಲನೇದು ತೊಗಟೆ, ಕಾಯಿಗಳ ಸಾರದಲ್ಲಿ ಹದ ಮಾಡಿದ ಗಟ್ಟಿ ಚರ್ಮ, ಎರಡನೇದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತಗಿನದು), ಇವಿಷ್ಟು ಗೊತ್ತಿದ್ದರೆ ಸಾಕು. ಉಳಿದ ವಿವರ ಬಿಟ್ಟು ಮುಂದಕ್ಕೆ ಹೋಗ್ತೀನಿ.

ಮೊದಲ ವರ್ಷ ನಮ್ಮ ಆಸೆ ದೊಡ್ಡದಿತ್ತು. ಜನವರಿಗೆ ಪರ್ಸು, ಫೆಬ್ರವರಿಗೆ ಹೆಂಗಸರ ಬ್ಯಾಗು, ಮಾರ್ಚ್‌ಗೆ ಶೂ. ಚರ್ಮ ಅವರವರೇ ತರಬೇಕು. ನಾನು ಸೋಫಾ ಅಂಗಡಿಯ ಕಟ್‌ಪೀಸ್ ತಂದೆ. ಮೆತ್ತಗಿನ ಕ್ರೋಮ್ ಚರ್ಮ, ಚಾಕು ಇಟ್ಟರೆ ಜೊತೆಗೇ ಎಳೆದುಕೊಂಡು ಬರುತ್ತೆ. ಅಂಚು ಎಷ್ಟು ತಿಕ್ಕಿದರೂ ಹೊಳಪಿಲ್ಲ. ಬ್ಯಾಗಿನ ಹೊಲಿಗೆಗೆ ಮನೆಯ ಬಟ್ಟೆ ಮಿಷನ್ನೇ ಸಾಕು ಅಂದುಕೊಂಡೆ. ಎಂಟೋ ಹತ್ತೋ ಸೂಜಿ ಮುರಿದವು, ಟೈಮಿಂಗ್ (ಸೂಜಿಗೂ ಕೆಳಗಿನ ಶಟಲ್ಲಿಗೂ ಇರುವ ಹೊಂದಾಣಿಕೆ) ಹೋಯಿತು, ರಿಪೇರಿಗೆ ಎಂಟುನೂರು ಚಿಲ್ಲರೆ ಕೊಟ್ಟೆ. ಆ ಬ್ಯಾಗು ಈಗಲೂ ಅಟ್ಟದ ಮೇಲಿದೆ. ಒಳಗೆ ಈರುಳ್ಳಿ ಇಟ್ಟಿದ್ದಾರೆ.

ಎರಡನೇ ವರ್ಷ ಬುದ್ಧಿ ಬಂತು ಅಂದುಕೊಂಡೆವು. ಸಣ್ಣ ಸಣ್ಣ ವಸ್ತು, ಮನೆಯಲ್ಲೇ ಮಾಡಿ ಫೋಟೋ ಕಳಿಸಬೇಕು. ಫೋಟೋದಲ್ಲಿ ಎಲ್ಲರ ಪರ್ಸೂ ಚೆನ್ನಾಗಿರುತ್ತೆ, ಅಲ್ವಾ? "ಸೂಪರ್ ಅಣ್ಣಾ", "ಸಖತ್ ಸಾರ್" ಅಂತ ಬರೆದುಕೊಂಡು ಕೂತೆವು. ಯಾರ ಕೈಯೂ ಒಂದಿಂಚು ಮುಂದೆ ಹೋಗಲಿಲ್ಲ. ಮಾರ್ಚ್‌ನಲ್ಲಿ ಬೇಜಾರಾಗಿ ಬಿಟ್ಟೆವು. ಎರಡೂ ವರ್ಷ ಸೇರಿ ನನ್ನ ಜೇಬಿನಿಂದಲೇ ಹನ್ನೊಂದು ಹನ್ನೆರಡು ಸಾವಿರ ಹೋಗಿರಬೇಕು. ಹೆಂಡತಿಯ ಲೆಕ್ಕದಲ್ಲಿ ಹದಿನೈದು.

ಮೂರನೇ ವರ್ಷ ನಾನೇ ಪಟ್ಟು ಹಿಡಿದು ನಿಯಮ ಮಾಡಿದೆ. ತಿಂಗಳಿಗೆ ಹೊಸ ವಸ್ತು ಯಾವುದಾದರೂ ಇರಲಿ, ಹೊಸ ಕೆಲಸ ಒಂದೇ ಇರಬೇಕು. ಜನವರಿಯಲ್ಲಿ ಕೀ ಬಂಚಿನ ಪಟ್ಟಿ, ಅಂದರೆ ನೇರ ಕೊಯ್ಯುವುದು ಅಷ್ಟೇ, ಹೊಲಿಗೆ ಇಲ್ಲ. ಫೆಬ್ರವರಿಯಲ್ಲಿ ಕಾರ್ಡ್ ಪೌಚು, ಕೊಯ್ಯುವುದರ ಜೊತೆಗೆ ನಾಲ್ಕಿಂಚು ಹೊಲಿಗೆ. ಒಂದೊಂದು ವಸ್ತುವೂ ಎರಡೆರಡು ಮಾಡಬೇಕು. ಒಂದು ಚೂರುಪಾರು ಚರ್ಮದಲ್ಲಿ, ಇನ್ನೊಂದು ಒಳ್ಳೆಯದರಲ್ಲಿ. ತಿಂಗಳ ಕೊನೆಯ ಭಾನುವಾರ ಎರಡನ್ನೂ ತರಬೇಕು. ಕೆಟ್ಟಿದ್ದನ್ನು ಬಚ್ಚಿಡೋ ಹಾಗಿಲ್ಲ.

ದುಡ್ಡಿಗೆ ಚೀಟಿ ಹಾಕಿದ ಹಾಗೆ ಮಾಡಿದೆವು. ತಿಂಗಳಿಗೆ ತಲೆಗೆ ಆರುನೂರು. ಏಳು ಜನರದ್ದು ನಾಲ್ಕು ಸಾವಿರದ ಇನ್ನೂರು. ಅದರಲ್ಲಿ ಒಂದು ಸೈಡ್, ಅಂದರೆ ಅರ್ಧ ತೊಗಲು, ಹದಿನೆಂಟು ಇಪ್ಪತ್ತು ಚದರ ಅಡಿ ಬರುತ್ತಿತ್ತು. ನಮಗೆ ಬಿದ್ದದ್ದು ಅಡಿಗೆ ನೂರಾ ತೊಂಬತ್ತರ ಆಸುಪಾಸು, ಒಂದೊಂದು ಸಲ ಇನ್ನೂರ ಹತ್ತು. ತರಲು ಸರದಿ ಮೇಲೆ ಒಬ್ಬೊಬ್ಬರು ಆಂಬೂರು, ವಾಣಿಯಂಬಾಡಿ ಕಡೆ ಹೋಗಬೇಕು. ಕೃಷ್ಣಗಿರಿ ದಾಟಿ ಹೋದರೆ ಹೊಸೂರಿನಿಂದ ನೂರು ಚಿಲ್ಲರೆ ಕಿಲೋಮೀಟರ್. ಅಲ್ಲಿ ಸಿಗುವುದು ಜಾಸ್ತಿ ಶೂ ಕಂಪನಿಗಳಿಗೆ ಹೋಗುವ ಕ್ರೋಮ್ ಚರ್ಮ. ಈರೋಡು, ದಿಂಡಿಗಲ್ ಕಡೆಯಿಂದ ಬಂದ ವೆಜಿಟೇಬಲ್ ಟ್ಯಾನ್ ಇಟ್ಟಿರುವ ಒಂದು ಗೋಡೌನ್ ನಮಗೆ ಸಿಕ್ಕಿತು. ಎಲ್ಲಿ ಅಂತ ಕೇಳಬೇಡಿ, ಹೇಳಲ್ಲ. ಚೂರುಗಳನ್ನು ಅಲ್ಲೇ ಕೆಜಿ ಲೆಕ್ಕದಲ್ಲಿ ತರುತ್ತಿದ್ದೆವು. ಆಂಬೂರು ಬಿರಿಯಾನಿ ಪೆಟ್ರೋಲ್ ಲೆಕ್ಕಕ್ಕೆ ಸೇರುತ್ತಾ ಇಲ್ವಾ ಅಂತ ಮೇ ತಿಂಗಳಲ್ಲಿ ದೊಡ್ಡ ಜಗಳವೇ ಆಯಿತು. ಸೇರುತ್ತೆ ಅಂತ ತೀರ್ಮಾನ.

ಇಷ್ಟಕ್ಕೇ ಕೆಲಸ ಆಗುತ್ತಿರಲಿಲ್ಲ. ಗುಂಪನ್ನು ಉಳಿಸಿದ್ದು ಕೊನೆಯ ನಿಯಮ, ಎಲ್ಲರೂ ನಕ್ಕಿದ್ದೂ ಅದಕ್ಕೇ. ಒಳ್ಳೆಯ ಪೀಸನ್ನು ಮಾಡಿದವನು ಇಟ್ಟುಕೊಳ್ಳುವ ಹಾಗಿಲ್ಲ. ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತೋ ಅವರು ಒಂದು ತಿಂಗಳು ಅದನ್ನು ದಿನಾ ಬಳಸಬೇಕು. ಮುಂದಿನ ತಿಂಗಳ ಕೊನೆಯ ಭಾನುವಾರ ವಾಪಸ್ ತಂದು, ಎಲ್ಲರ ಎದುರಿಗೆ ದೂರು ಹೇಳಬೇಕು. ಹೊಗಳೋಕೆ ಅವಕಾಶ ಇಲ್ಲ. "ಇದೇನು ಸಾರ್, ಸಂತೆಯಲ್ಲಿ ಮಾನ ಹರಾಜು ಹಾಕಿದ ಹಾಗೆ" ಅಂದರು ನಮ್ಮ ಗುಂಪಿನ ಮೇಷ್ಟ್ರು. ಮೂರನೇ ತಿಂಗಳಲ್ಲಿ ಇಬ್ಬರು ಬಿಟ್ಟು ಹೋಗಿದ್ದೂ ಇದಕ್ಕೇ. ಅಲ್ಲಿಂದ ಮುಂದೆ ಖಜಾನೆಗೆ ಬಂದಿದ್ದು ತಿಂಗಳಿಗೆ ಮೂರು ಸಾವಿರ. ಸೈಡ್ ಬದಲು ಆರಿಸಿದ ತುಂಡು ತಂದೆವು. ನಡೀತು.

ನನ್ನ ಕಾರ್ಡ್ ಪೌಚು ಹೋಗಿದ್ದು ಬ್ಯಾಂಕಿನವರ ಕೈಗೆ. ನೋಡೋಕೆ ನನ್ನದೇ ಚೆಂದ ಇತ್ತು, ಸುಮ್ನೆ ಹೇಳ್ತಿಲ್ಲ. ಅವರು ತಿಂಗಳು ಬಿಟ್ಟು ಬಂದು ಮೇಜಿನ ಮೇಲೆ ಇಟ್ಟು ಹೇಳಿದರು: "ಎರಡು ಕಾರ್ಡ್ ಇಟ್ಟರೆ ಉದುರುತ್ತೆ. ನಾಲ್ಕು ಇಟ್ಟರೆ ತೆಗೆಯೋಕೆ ಉಗುರು ಕಿತ್ತು ಬರುತ್ತೆ. ಮೂರೇ ಇಟ್ಟುಕೊಂಡು ಬದುಕಬೇಕಾ ನಾನು?" ಕಾರ್ಡಿನ ಅಗಲ 54 ಮಿಲಿಮೀಟರ್, ಉದ್ದ 86ಕ್ಕೆ ಒಂದು ಕೂದಲೆಳೆ ಕಮ್ಮಿ. ನಾನು ಅದಕ್ಕೆ ಸರಿಯಾಗಿ ಅಳೆದಿದ್ದೆ. ಚರ್ಮದ ದಪ್ಪ, ಒಳಗಿನ ಕಾರ್ಡುಗಳ ದಪ್ಪ ಎರಡೂ ಅಗಲವನ್ನು ತಿನ್ನುತ್ತೆ ಅನ್ನೋದು ಗೊತ್ತಿತ್ತು, ಆದರೆ ಕೈಗೆ ಗೊತ್ತಿರಲಿಲ್ಲ. ಹೆಬ್ಬೆಟ್ಟು ಇಡೋಕೆ ಬಾಯಲ್ಲಿ ಅರ್ಧಚಂದ್ರ ಕೊಯ್ಯೋದನ್ನೂ ಮರೆತಿದ್ದೆ. ಆ ದೂರಿನ ಮುಂದೆ ಎರಡು ವರ್ಷದ "ಸೂಪರ್ ಅಣ್ಣಾ" ಏನೂ ಅಲ್ಲ.

ಏಪ್ರಿಲ್ ಬೆಲ್ಟು. ಅದರ ಕಥೆ ದೊಡ್ಡದು. ಚೂರಿನಲ್ಲಿ ಬೆಲ್ಟ್ ಮಾಡೋಕಾಗಲ್ಲ, ಅದಕ್ಕೆ ಹೊಟ್ಟೆ ಭಾಗದ ಪಟ್ಟಿಯಲ್ಲಿ ಮೊದಲನೇದು ಮಾಡಿದೆ. ಹದಿನೈದು ದಿನದಲ್ಲಿ ಒಂದೂವರೆ ಇಂಚು ಉದ್ದ ಆಯಿತು, ಹಾವಿನ ಹಾಗೆ ಸೊಟ್ಟ ಬೇರೆ. ಎರಡನೇದು ಬೆನ್ನಿನ ಉದ್ದಕ್ಕೆ ಕೊಯ್ದದ್ದು, ಮೂರೂವರೆ ಮಿಲಿಮೀಟರ್ ದಪ್ಪ, ಗಟ್ಟಿಮುಟ್ಟು. ಬೆಲ್ಟು ಮೈಗೆ ಆಗಬೇಕಲ್ಲ, ಆ ತಿಂಗಳು ಮಾತ್ರ ಚೀಟಿ ಮೊದಲೇ ಎತ್ತಿದೆವು. ನನಗೆ ಬಂದಿದ್ದು ಮೇಷ್ಟ್ರು. "ಪ್ಯಾಂಟ್ ಸೈಜ್ 34" ಅಂದರು. ನಾನೂ ನಂಬಿ 34ಕ್ಕೇ ನಡುವಿನ ತೂತು ಹಾಕಿದೆ. ಪ್ಯಾಂಟಿನ ಮೇಲೆ ಬರೆದಿರೋದು ಪ್ಯಾಂಟ್ ಕಂಪನಿಯವರ ಔದಾರ್ಯ, ನಮ್ಮ ಸೊಂಟದ ಲೆಕ್ಕ ಅಲ್ಲ. ಅವರಿಗೆ ಬೇಕಾಗಿದ್ದು 37. ಹಳೆ ಬೆಲ್ಟ್ ಬಿಚ್ಚಿಸಿ, ಬಕಲ್ ಮಡಿಕೆಯಿಂದ ಅವರು ದಿನಾ ಹಾಕುವ ತೂತಿನವರೆಗೆ ಅಳೆಯಬೇಕು. ಹೋಯಿತು, ಒಳ್ಳೆಯ ಬೆನ್ನಿನ ಪಟ್ಟಿ, ಐದುನೂರು ರೂಪಾಯಿ ಮಾಲು. ಮೇಷ್ಟ್ರ ಮಗನಿಗೆ ಆಯಿತು ಅನ್ನೋದೇ ಸಮಾಧಾನ.

ಅದಕ್ಕಿಂತ ದೊಡ್ಡ ಮರ್ಯಾದೆ ಹೋಗಿದ್ದು ಎರಡನೇ ವರ್ಷ, ನನಗಾಗಿ ಮಾಡಿಕೊಂಡ ಕಪ್ಪು ಬೆಲ್ಟಿನಿಂದ. ಅಂಗಡಿಯ ಸ್ಪಿರಿಟ್ ಬಣ್ಣ ಬಳಿದಿದ್ದೆ. ಚಂದ್ರಚೂಡೇಶ್ವರನ ತೇರಿನ ದಿನ ಬಿಳಿ ಪಂಚೆ ಮೇಲೆ ಅದನ್ನೇ ಬಿಗಿದುಕೊಂಡು ಹೋದೆ. ಬಿಸಿಲು, ಬೆವರು, ನೂಕುನುಗ್ಗಲು. ಮನೆಗೆ ಬಂದು ನೋಡಿದರೆ ಸೊಂಟದ ಸುತ್ತ ಎರಡು ಬೆರಳಗಲ ಕಪ್ಪು ಪಟ್ಟೆ. ಅಮ್ಮ ಒಂದೇ ಮಾತು ಅಂದಳು: "ದೇವರ ಹತ್ರ ಚರ್ಮ ಬೇಡ ಅಂದೆ, ಕೇಳ್ದ್ಯಾ?"

ಆ ಪಂಚೆಯೇ ಈ ವರ್ಷ ನನ್ನನ್ನು ಅನ್ನಭೇದಿ, ಅಂದರೆ ಕಬ್ಬಿಣದ ಲವಣದ ಕಡೆ ತಳ್ಳಿತು. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತೆ, ನಾನು ತಂದಾಗ ನೂರು ಗ್ರಾಂಗೆ ಇಪ್ಪತ್ತೋ ಮೂವತ್ತೋ. ಅಳಲೆಕಾಯಿ ಕುಟ್ಟಿ ಕುದಿಸಿ, ಆರಿದ ಕಷಾಯವನ್ನು ಚರ್ಮಕ್ಕೆ ಬಳಿದೆ. ಅದು ಎಳೆದುಕೊಂಡ ಮೇಲೆ ಅನ್ನಭೇದಿ ಕರಗಿಸಿದ ನೀರು ಹಚ್ಚಿದೆ. ಬಟ್ಟೆ ಓಡಿದ ಕಡೆಯೆಲ್ಲ ಕಂದು ಚರ್ಮ ಮೊದಲು ಬೂದಿ, ಆಮೇಲೆ ನೀಲಿ, ಎಣಿಸಿ ಹತ್ತು ಹೇಳೋದರೊಳಗೆ ಕಾಗೆ ಕಪ್ಪು. ಹಿಂದೆ ಮಸಿ ಮಾಡುತ್ತಿದ್ದದ್ದೂ ಇದೇ ಜೋಡಿಯಿಂದ ತಾನೇ. ಇದು ಮೇಲೆ ಕೂರುವ ಬಣ್ಣ ಅಲ್ಲ. ಚರ್ಮದೊಳಗಿನ ಟ್ಯಾನಿನ್ (ತೊಗಟೆ, ಕಾಯಿಯಿಂದ ಬಂದ ಒಗರು) ಜೊತೆ ಕಬ್ಬಿಣ ಸೇರಿ ಅಲ್ಲೇ ಹುಟ್ಟುವ ಕಪ್ಪು, ಅದಕ್ಕೇ ಪಂಚೆಗೆ ಹತ್ತಲ್ಲ. ಟ್ಯಾನಿನ್ ಇಲ್ಲದ ಕ್ರೋಮ್ ಚರ್ಮದಲ್ಲಿ ಹೀಗೆ ಆಗಲ್ಲ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ಒರೆಸಿ, ಹರಳೆಣ್ಣೆ ತೆಳ್ಳಗೆ ಹಚ್ಚಬೇಕು. ಸೋಡಾ ಹಚ್ಚದೆ ಬಿಟ್ಟಿದ್ದ ಒಂದು ತುಂಡು ಮಡಿಸಿದ ಕಡೆ ಬಿರುಕು ಬಿಟ್ಟಿತು. ನೀರಿಗೆ ಎಷ್ಟು ಅನ್ನಭೇದಿ ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ನಾಲ್ಕು ಭಾನುವಾರ ಹೋಗಿದೆ.

ಆ ಹುರುಪಲ್ಲಿ ಚರ್ಮವನ್ನೇ ಹದ ಮಾಡೋಣ ಅಂತ ಇನ್ನೊಂದು ಹುಚ್ಚು ಹತ್ತಿತು. ನಮ್ಮ ಕಡೆ ಒಣ ಹೊಲದ ಬದುಗಳಲ್ಲಿ ಹಳದಿ ಹೂವಿನ ತಂಗಡಿ ಗಿಡ ಬೇಕಾದಷ್ಟಿದೆ. ಅದರ ತೊಗಟೆಯಲ್ಲೇ ಹಿಂದೆ ತಮಿಳುನಾಡಿನಲ್ಲಿ ತೊಗಲು ಹದ ಮಾಡುತ್ತಿದ್ದರು. ಒಂದು ಆಡಿನ ಚರ್ಮ ತಂದು, ಸುಣ್ಣದಲ್ಲಿಟ್ಟು ಕೂದಲು ತೆಗೆದು, ಆ ತೊಗಟೆಯ ಸಾರವಿದ್ದ ಡ್ರಮ್ಮಿಗೆ ಹಾಕಿದೆ. ಸಾರ ಗಟ್ಟಿ ಇದ್ದಷ್ಟೂ ಬೇಗ ಆಗುತ್ತೆ ಅಂತ ನನ್ನ ತಲೆ. ಮೇಲ್ಪದರ ಬಿಗಿದುಕೊಂಡು ಬಿಟ್ಟಿತು, ಸಾರ ಒಳಗೆ ಇಳಿಯಲೇ ಇಲ್ಲ. ಹೊರಗೆ ಚರ್ಮ, ಒಳಗೆ ಹಸಿ ಮಾಂಸ. ತೆಳ್ಳಗಿನ ನೀರಿನಿಂದ ಶುರು ಮಾಡಿ ವಾರಗಟ್ಟಲೆ ಏರಿಸುತ್ತಾ ಹೋಗಬೇಕಿತ್ತು. ಹತ್ತನೇ ದಿನಕ್ಕೆ ಪಕ್ಕದ ಮನೆಯವರು ಕಾಂಪೌಂಡ್ ಹತ್ತಿರ ಬಂದು ನಿಂತರು. ಏನೂ ಹೇಳಲಿಲ್ಲ, ಮೂಗಿಗೆ ಟವೆಲ್ ಇತ್ತು. ರಾತ್ರಿಯೇ ಗುಂಡಿ ತೋಡಿ ಹೂತೆ.

ಉಪಕರಣದ ವಿಷಯಕ್ಕೆ ಬಂದರೆ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಆನ್‌ಲೈನಲ್ಲಿ ತರಿಸಿದ ಸ್ಟಿಚಿಂಗ್ ಚಿಸೆಲ್ (ಹೊಲಿಗೆಗೆ ಸಾಲಾಗಿ ತೂತು ಹೊಡೆಯುವ ಹಲ್ಲಿನ ಉಳಿ) ಸೆಟ್ ಏಳೆಂಟುನೂರು ಆಗಿತ್ತು, ಎರಡು ಹಲ್ಲು ಮೂರನೇ ತಿಂಗಳಿಗೇ ಬಾಗಿದವು. ನಾನು ಇಪ್ಪತ್ತು ವರ್ಷದಿಂದ ಟೂಲ್‌ರೂಮಿನಲ್ಲಿರೋನು, ಇದಕ್ಕೆ ಸೋಲೋದಾ? ಮ್ಯಾನೇಜರಿಗೆ ಹೇಳಿ, ಸ್ಕ್ರ್ಯಾಪ್ ಆದ ಡಿ2 ಅನ್ನೋ ಗಟ್ಟಿ ಉಕ್ಕಿನ ತುಂಡನ್ನು ವಿದ್ಯುತ್ ಹರಿಯುವ ತಂತಿಯಲ್ಲಿ ಉಕ್ಕು ಕೊಯ್ಯುವ ವೈರ್‌ಕಟ್ ಮೇಲೆ ಹಾಕಿದೆ. ನಾಲ್ಕು ಮಿಲಿಮೀಟರಿಗೊಂದರಂತೆ ಐದು ಹಲ್ಲು, ಓರೆಯಾಗಿ. ಮೊದಲನೇದನ್ನು ಗಟ್ಟಿ ಮಾಡಿ ಟೆಂಪರ್ (ಪೆಡಸು ಹೋಗಲಿ ಅಂತ ಮತ್ತೆ ಹದವಾಗಿ ಕಾಯಿಸುವುದು) ಕಮ್ಮಿ ಮಾಡಿದ್ದೆ. ಬೆಲ್ಟಿನ ಮೇಲೆ ಬಾರಿಸಿದಾಗ ಟಕ್ ಅಂತ ಒಂದು ಹಲ್ಲು ಹಾರಿ ಕಿಟಕಿಗೆ ಬಡಿಯಿತು. ಕಣ್ಣು ಉಳಿದಿದ್ದು ಪುಣ್ಯ. ಎರಡನೇದನ್ನು ಇನ್ನೊಮ್ಮೆ ಟೆಂಪರ್ ಮಾಡಿ ಗಡಸುತನವನ್ನು ರಾಕ್‌ವೆಲ್ ಅಳತೆಯ 58ರ ಸುತ್ತ ಇಳಿಸಿದೆ. ಬಫ್ ಮಾಡಿದ ಮೇಲೆ ಚರ್ಮದಿಂದ ಬೆಣ್ಣೆಯಿಂದ ಎದ್ದ ಹಾಗೆ ಏಳುತ್ತೆ. ಗುಂಪಿನಲ್ಲಿ ಈಗ ಎಲ್ಲರ ಹತ್ತಿರವೂ ನಾನು ಮಾಡಿದ್ದೇ ಇದೆ. ಓರೆ ಎಷ್ಟು ಡಿಗ್ರಿ ಅಂತ ಅವರಿಗೂ ಹೇಳಿಲ್ಲ.

ಹೊಲಿಗೆ ಮಾತ್ರ ಟೂಲಿನಿಂದ ಬರಲಿಲ್ಲ. ನನ್ನ ಹೊಲಿಗೆ ಮುಂದೆ ಓರೆ, ಹಿಂದೆ ಅಡ್ಡಾದಿಡ್ಡಿ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ತಾತ ಒಬ್ಬರಿದ್ದಾರೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಉಸಿರಲ್ಲಿ ಬರುತ್ತೆ. ನನ್ನ ಪರ್ಸು ತೋರಿಸಿದೆ. ತಿರುಗಿಸಿ ನೋಡಿ, "ಏನಪ್ಪಾ, ಒಂದ್ ಸಲ ಮೇಲಕ್ ಎಳೀತೀಯ, ಒಂದ್ ಸಲ ಕೆಳಕ್ ಎಳೀತೀಯ. ದಾರಕ್ಕೇನ್ ಗೊತ್ತಾಗ್ತದೆ ಯಾವ್ ಕಡೆ ಮಲಗ್ಬೇಕು ಅಂತ?" ಅಂದರು. ಅಷ್ಟೇ. ಪ್ರತಿ ತೂತಿನಲ್ಲೂ ಅದೇ ಸೂಜಿ ಮೊದಲು, ಅದೇ ಕಡೆಗೆ ಎಳೆತ. ಎರಡು ಗಂಟೆ ಅವರ ಪಕ್ಕ ಗೋಣಿ ಮೇಲೆ ಕೂತು ಹೊಲಿದೆ. ಫ್ಯಾಕ್ಟರಿಯ ಬಸ್ಸಿನಿಂದ ಇಬ್ಬರು ನೋಡಿ ಮರುದಿನ "ಏನು, ಪಾರ್ಟ್ ಟೈಮಾ?" ಅಂತ ಕೇಳಿದರು. ಹೌದು ಅಂದೆ. ದಾರಕ್ಕೆ ತಿಕ್ಕುವ ಜೇನುಮೇಣದಲ್ಲಿ ತಾತ ಇನ್ನೂ ಎರಡು ವಸ್ತು ಸೇರಿಸುತ್ತಾರೆ. ಒಂದು ಹರಳೆಣ್ಣೆ. ಇನ್ನೊಂದನ್ನು ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೇನೆ.

ಅಂಚಿಗೆ ಹುಣಸೆ ಬೀಜದ ಅಂಟು ಹಾಕಿ ನೋಡಿ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದರೆ ಗಂಜಿ ಹಾಗಾಗುತ್ತೆ. ಹಚ್ಚಿ ಮರದ ತುಂಡಲ್ಲಿ ತಿಕ್ಕಿದರೆ ಗಾಜಿನ ಹೊಳಪು. ಮೂರನೇ ದಿನ ಡಬ್ಬಿಯಲ್ಲಿ ಬೂಷ್ಟು ಬರುತ್ತೆ, ಅಷ್ಟಷ್ಟೇ ಮಾಡಿಕೊಳ್ಳಬೇಕು.

ಜುಲೈನಲ್ಲಿ ಕನ್ನಡಕದ ಗೂಡು, ಚರ್ಮ ನೆನೆಸಿ ಅಚ್ಚಿಗೆ ಕೂರಿಸುವ ಕೆಲಸ. ಬೇಗ ಮೆತ್ತಗಾಗಲಿ ಅಂತ ಗುಂಪಿನ ಡೆಂಟಿಸ್ಟ್ ಹುಡುಗಿ ಕುದಿಯುವ ನೀರಿಗೆ ಹಾಕಿದಳು. ಕಣ್ಣೆದುರೇ ಹಪ್ಪಳದ ಹಾಗೆ ಮುದುಡಿ ಮರದ ತುಂಡಾಯಿತು. ನಾವು ನಗುತ್ತಿದ್ದೆವು, ಅವಳು ಅದನ್ನು ಟೇಬಲ್ಲಿಗೆ ಕುಟ್ಟಿ ನೋಡಿ, ಮುಂದಿನ ತಿಂಗಳು ಅದರಲ್ಲೇ ಬಟನ್ ಕೊಯ್ದು ತಂದಳು. ಈಗ ನಮ್ಮೆಲ್ಲರ ಪೌಚಿಗೂ ಅವಳ ಬಟನ್ನೇ. ಅಂಚಿನ ಕೆಲಸದಲ್ಲಿ ಅವಳು ನನ್ನನ್ನು ದಾಟಿದ್ದಾಳೆ, ಒಪ್ಪಿಕೊಳ್ಳಬೇಕು.

ಲೆಕ್ಕ ಕೇಳೋರಿಗೆ: ವರ್ಷದ ಚೀಟಿ ಏಳು ಸಾವಿರದ ಇನ್ನೂರು, ದಾರ ಬಕಲ್ ಬಟನ್ನಿಗೆ ಸುಮಾರು ಎರಡೂವರೆ ಸಾವಿರ, ಟೂಲಿಗೆ ಇನ್ನೊಂದೆರಡು. ಆಗಸ್ಟಿನಿಂದ ಈಚೆಗೆ ಒಂಬತ್ತು ಬೆಲ್ಟ್ ಮಾರಿದ್ದೇನೆ, ಒಂದಕ್ಕೆ ಸಾವಿರದ ನೂರು. ಆ ಬೆಲ್ಟುಗಳ ಖರ್ಚಷ್ಟೇ ಕಳೆದರೆ ಐದು ಸಾವಿರದ ಆಸುಪಾಸು ಉಳಿದಿರಬೇಕು. ಮೊದಲ ಗಿರಾಕಿ ಯಾರು ಗೊತ್ತಾ? ಮಾರ್ಚ್ ದಾಟಲ್ಲ ಅಂದಿದ್ದ ಟೂಲ್‌ರೂಮಿನ ಗೆಳೆಯ. ಸೊಂಟ ಅಳೆದೇ ಮಾಡಿದೆ.

ಡಿಸೆಂಬರ್ ಕೆಲಸ ಹೆಗಲ ಬ್ಯಾಗು, ಮೊದಲ ವರ್ಷ ಎರಡನೇ ತಿಂಗಳಲ್ಲೇ ಮಾಡಹೋಗಿ ಕೈಸುಟ್ಟುಕೊಂಡದ್ದೇ. ಪೂರ್ತಿ ಕೈಹೊಲಿಗೆ, ಹತ್ತಿರ ಹತ್ತಿರ ಒಂಬೈನೂರು ತೂತು. ಚೀಟಿಯಲ್ಲಿ ಮೇಷ್ಟ್ರಿಗೆ ಹೋಗಿದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಪಟ್ಟಿ ಹೆಗಲಿನಿಂದ ಜಾರುತ್ತಂತೆ, ಉತ್ತರ ಪತ್ರಿಕೆ ಕಟ್ಟು ಇಟ್ಟರೆ ಎಡಗಡೆ ವಾಲುತ್ತಂತೆ. ಉಳಿದದ್ದನ್ನು ಭಾನುವಾರ ಎಲ್ಲರ ಎದುರಿಗೇ ಹೇಳ್ತಾರಂತೆ.