ಕೆಂಪಾದ ಕ್ವಾರ್ಟರ್: ಟಂಕಸಾಲೆಯ ತಪ್ಪೋ, ಮಣ್ಣಿನ ಕೆಲಸವೋ?

ಅಮೆರಿಕದ ಕ್ವಾರ್ಟರ್ (25 ಸೆಂಟ್) ನಾಣ್ಯ ತಾಮ್ರದ ಬಣ್ಣದಲ್ಲಿ ಸಿಕ್ಕರೆ ‘ಮೇಲ್ಪದರವೇ ಇಲ್ಲದ ಎರರ್ ಕಾಯಿನ್’ (ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯ) ಎಂದು ಹಿಗ್ಗುವವರೇ ಹೆಚ್ಚು. ನನ್ನ ಕೈಗೆ ಬಂದವುಗಳಲ್ಲಿ ಬಹುಪಾಲು ಮಣ್ಣಲ್ಲಿ ಹೂತು ಎದ್ದವು.

1965ರಿಂದ ಡೈಮ್ (10 ಸೆಂಟ್ ನಾಣ್ಯ), ಕ್ವಾರ್ಟರ್‌ಗಳ ಒಳತಿರುಳು ಶುದ್ಧ ತಾಮ್ರ, ಎರಡೂ ಕಡೆ 75% ತಾಮ್ರ, 25% ನಿಕ್ಕಲ್ ಬೆರೆತ ಪದರ. ಬೂದುಬಣ್ಣದ ಆ ಪದರದಲ್ಲೂ ಮುಕ್ಕಾಲು ಪಾಲು ತಾಮ್ರವೇ. ಹಾಗಾಗಿ ಒದ್ದೆ ಮಣ್ಣಲ್ಲಿ ಬಿದ್ದ ನಾಣ್ಯ ಕೆಂಪಗೆ, ಕಂದಾಗಿ ತಿರುಗಿದರೆ ಪದರ ಕಳಚಿದೆ ಎಂದೇನೂ ಅಲ್ಲ.

ಮೊದಲು ತೂಕ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಕ್ವಾರ್ಟರ್ 5.67 ಗ್ರಾಂ, ಆಚೀಚೆ 0.227 ಗ್ರಾಂ ನಡೆಯುತ್ತದೆ. ಒಂದೊಂದು ಪದರ ಒಟ್ಟು ತೂಕದ ಸುಮಾರು ಆರನೇ ಒಂದು ಪಾಲು. ಹಾಗಾಗಿ ಒಂದು ಪದರ ನಿಜಕ್ಕೂ ಇಲ್ಲದಿದ್ದರೆ 4.7ರ ಆಸುಪಾಸು ಬರಬೇಕು. ಡೈಮ್ ಆದರೆ 2.27ರ ಬದಲು 1.9. ತೂಕ ಸರಿಯಿದ್ದರೆ ಅಲ್ಲಿಗೇ ಮುಗಿಯಿತು, ಅದರ ಬೆಲೆ 25 ಸೆಂಟ್.

ತೂಕ ಕಮ್ಮಿ ಬಂದರೂ ಕುಣಿಯಬೇಡಿ, ಆಸಿಡ್‌ನಲ್ಲಿ ಅದ್ದಿದ್ದೂ ಹಗುರವೇ. ಈಗ ಅಂಚು ನೋಡಿ. ಪದರವಿಲ್ಲದ ನಾಣ್ಯದಲ್ಲಿ ಒಂದು ಬದಿಗೆ ಬೂದು ಗೆರೆ ಸ್ವಚ್ಛವಾಗಿ ಕಾಣುತ್ತದೆ, ಇನ್ನೊಂದು ಬದಿಯಲ್ಲಿ ತಾಮ್ರ ತುದಿಯವರೆಗೂ ಹಬ್ಬಿರುತ್ತದೆ. ಆಸಿಡ್ ತಿಂದದ್ದಾದರೆ ಅಂಚಿನ ಗೀರುಗಳು ಮಸುಕು, ಅಕ್ಷರಗಳು ಸಣಕಲು, ವ್ಯಾಸವೂ 24.26 ಮಿ.ಮೀ.ಗಿಂತ ಕಡಿಮೆ. ಸುತ್ತಲೂ ಒಂದೇ ಕೆಂಪು, ಗೆರೆಯೇ ಇಲ್ಲ, ತೂಕ ಮಾತ್ರ ಸರಿಯಿದೆ ಎಂದರೆ ಯಾರೋ ತಾಮ್ರದ ಲೇಪ ಕೊಟ್ಟಿದ್ದಾರೆ.

ಕೊನೆಗೆ 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ). ಮಣ್ಣಿನ ನಾಣ್ಯದಲ್ಲಿ ಅಕ್ಷರಗಳ ಬುಡಕ್ಕೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ನಾಣ್ಯದ ಮೇಲಿನ ಜಾರ್ಜ್ ವಾಷಿಂಗ್ಟನ್ ಚಿತ್ರದ ಕೆನ್ನೆ, ಕೂದಲಿನಂಥ ಉಬ್ಬು ಜಾಗಗಳು ತಿಕ್ಕಾಟಕ್ಕೆ ತಿಳಿಯಾಗಿರುತ್ತವೆ. ಚಿತ್ರ, ಅಕ್ಷರಗಳಿಲ್ಲದ ಸಪಾಟು ಬಯಲಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಬಣ್ಣ ಎರಡೂ ಮುಖಕ್ಕೆ ಹತ್ತಿರುವುದೇ ಹೆಚ್ಚು. ಅಂಚು ದಪ್ಪವಾಗಿ ಒಳಕ್ಕೆ ಮಡಚಿಕೊಂಡು ಅಕ್ಷರಗಳ ತಲೆ ನುಂಗಿದ್ದರೆ ಅದು ಬಟ್ಟೆ ಒಣಗಿಸುವ ಡ್ರೈಯರ್‌ನೊಳಗೆ ಸಿಕ್ಕಿಕೊಂಡು ಉರುಳಿದ್ದು (ಇದನ್ನೂ ಎರರ್ ಎಂದು ಮಾರುವವರಿದ್ದಾರೆ).

ಪರೀಕ್ಷೆಗೆ ಮುಂಚೆ ಹುಣಸೆಹುಳಿ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಕಲೆಯ ಜೊತೆ ಸುಳಿವೂ ಹೋಗುತ್ತದೆ. ಗೋಂದು, ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ, ತಿಕ್ಕದೆ ಆರಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯುತ್ತಿರಬಾರದು.