ಒಂದೇ ಕಡಲು, ಬೇರೆ ಬೇರೆ ಬಂಡೆ: ಗೋಕರ್ಣದಲ್ಲಿ ಕೆಂಪು ಪಾಚಿ ನೋಡಿದ ನನ್ನ ಅನುಭವ

ಕೆಂಪು ಪಾಚಿ ಅಂದಮೇಲೆ ಕೆಂಪಗೇ ಇರಬೇಕು ಅಂದುಕೊಂಡು ಗೋಕರ್ಣದ ಬಂಡೆಗಳ ಮೇಲೆ ಹುಡುಕಿದರೆ ಅರ್ಧಕ್ಕರ್ಧ ಕಣ್ತಪ್ಪಿ ಹೋಗುತ್ತದೆ. ನೆರಳಲ್ಲಿ ಬೆಳೆದದ್ದು ಕಡುಗೆಂಪು. ಬಿಸಿಲಿಗೆ ಬಿದ್ದದ್ದು ಕಂದು, ಹಳದಿ, ಕೆಲವೊಮ್ಮೆ ಹಸಿರು ಅಂತಲೇ ಹೇಳಬೇಕು. ಒಣಗಿದ್ದು ಕಪ್ಪು. ಸತ್ತದ್ದು ಬಿಳಿ. ಬಣ್ಣ ನೋಡಿ ಆ ಗಿಡದ ಮೇಲೆ ಏನೇನು ಕಳೆದಿದೆ ಅಂತ ಹೇಳೋಕಾಗುತ್ತಾ? ನಾನು ಈ ಕೆಲಸಕ್ಕೆ ಇಳಿದದ್ದು ಈ ಪ್ರಶ್ನೆ ಹಿಡಿದುಕೊಂಡು.

ನಾನು ಕುಮಟಾ ಕಡೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ದೊಡ್ಡ ಪ್ರಯೋಗಾಲಯ ಇಲ್ಲ, ದೋಣಿ ಇಲ್ಲ. ಆದರೆ ಜಾಗದ ಅನುಕೂಲ ಬಹಳ ಇದೆ. ಓಂ ಬೀಚಿನಿಂದ ದಕ್ಷಿಣಕ್ಕೆ ಹಾಫ್ ಮೂನ್, ಪ್ಯಾರಡೈಸ್ ದಾಟಿ ಹೋದರೆ ತದಡಿ, ಅಲ್ಲಿ ಅಘನಾಶಿನಿ ಹೊಳೆ ಕಡಲು ಸೇರುತ್ತದೆ. ಕೆಲವೇ ಕಿಲೋಮೀಟರ್ ದೂರ. ಕಡಲು ಒಂದೇ, ಮಳೆ ಒಂದೇ, ಬಿಸಿಲು ಒಂದೇ. ಹೊಳೆಯ ನೀರು ಮಾತ್ರ ಒಂದು ಕಡೆ ಇದೆ, ಇನ್ನೊಂದು ಕಡೆ ಅಷ್ಟಾಗಿ ಇಲ್ಲ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಗುತ್ತಿರಲಿಲ್ಲ.

ಸಾಮಾನು ಕಡಿಮೆ. ಪಿವಿಸಿ ಪೈಪಿನಿಂದ ಅರ್ಧ ಮೀಟರ್ ಉದ್ದಗಲದ ಒಂದು ಚೌಕ ಮಾಡಿಕೊಂಡೆ. ಹತ್ತು ಸೆಂಟಿಮೀಟರಿಗೊಂದು ನೈಲಾನ್ ದಾರ ಕಟ್ಟಿದರೆ 25 ಮನೆಗಳಾಗುತ್ತವೆ. ಪೈಪಿಗೆ ಅಲ್ಲಲ್ಲಿ ತೂತು ಹೊಡೆಯಬೇಕು, ಇಲ್ಲದಿದ್ದರೆ ನೀರಿನ ಹೊಂಡದಲ್ಲಿ ತೇಲುತ್ತದೆ. ಯಾವ ಮನೆಯಲ್ಲಿ ಯಾವ ಪಾಚಿ ಇದೆ ಅಂತ ಬರೆದುಕೊಳ್ಳುವುದು, ಮೇಲಿಂದ ಒಂದು ಫೋಟೋ ತೆಗೆಯುವುದು. ಕಿತ್ತು ತರುವುದಿಲ್ಲ. ಹತ್ತಿರದಿಂದ ನೋಡಬೇಕಾದರೆ ಅಲೆ ದಡಕ್ಕೆ ತಂದು ಹಾಕಿದ್ದೇ ಬೇಕಾದಷ್ಟು ಸಿಗುತ್ತದೆ. ಬಂಡೆಗೆ ಗುರುತು ಹಾಕಲು ಬಣ್ಣ ಪ್ರಯೋಜನವಿಲ್ಲ, ಒಂದು ಮಳೆಗಾಲಕ್ಕೆ ಉಳಿಯುವುದಿಲ್ಲ. ದೋಣಿ ರಿಪೇರಿಗೆ ಬಳಸುವ ಎಪಾಕ್ಸಿ ಅಂಟಿನ ಒಂದು ಉಂಡೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ.

ಉಪ್ಪಿನಂಶ ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಇದೆ. ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಸಾವಿರಕ್ಕೆ ಎಷ್ಟು ಭಾಗ ಉಪ್ಪು ಅಂತ ಕಾಣುತ್ತದೆ. ಹೋಗುವ ಮುಂಚೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಸೊನ್ನೆಗೆ ಹೊಂದಿಸಿಕೊಳ್ಳುತ್ತೇನೆ. ಬಂಡೆಯ ಬಿಸಿ ಅಳೆಯಲು ಇನ್‌ಫ್ರಾರೆಡ್ ಗನ್, ನೀರಿಗೆ ಮಾಮೂಲಿ ಥರ್ಮಾಮೀಟರ್. ಉಬ್ಬರ ಇಳಿತದ ವೇಳೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವರ್ಷ ಪ್ರಕಟಿಸುವ ಕೋಷ್ಟಕ.

ಈ ಕೋಷ್ಟಕದಿಂದಲೇ ನನಗೆ ದೊಡ್ಡ ವಿಷಯ ಹೊಳೆದದ್ದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನಮ್ಮ ಕಡೆ ದೊಡ್ಡ ಇಳಿತ ಬೆಳಗಿನ ಜಾವ ಮತ್ತು ಸಂಜೆ ಹೊತ್ತಿಗೆ ಬರುತ್ತದೆ. ನೀರು ಉಬ್ಬರದ ಮಟ್ಟಕ್ಕಿಂತ ಸುಮಾರು ಎರಡು ಮೀಟರ್ ಕೆಳಗೆ ಹೋಗುತ್ತದೆ. ನಡುಮಧ್ಯಾಹ್ನ ಉಬ್ಬರ. ಅಷ್ಟಮಿ ಹೊತ್ತಿಗೆ ಇದು ತಿರುಗುಮುರುಗು. ಇಳಿತ ಮಧ್ಯಾಹ್ನಕ್ಕೆ ಬರುತ್ತದೆ, ಆದರೆ ನೀರು ಅಷ್ಟೇನೂ ಕೆಳಗಿಳಿಯುವುದಿಲ್ಲ. ಇದರ ಅರ್ಥ ಏನು ನೋಡಿ. ಬಂಡೆಯ ಬುಡದಲ್ಲಿರುವ ಪಾಚಿ ನೀರಿನಿಂದ ಹೊರಬರುವುದೇ ತಂಪು ಹೊತ್ತಿನಲ್ಲಿ. ಸುಡು ಮಧ್ಯಾಹ್ನ ಅದು ಯಾವತ್ತೂ ನೀರೊಳಗೇ ಇರುತ್ತದೆ. ನಡುಮಟ್ಟಕ್ಕಿಂತ ಮೇಲಿರುವ ಪಾಚಿಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಅಷ್ಟಮಿ ಬಿಸಿಲು ತಪ್ಪಿದ್ದಲ್ಲ.

ಏಪ್ರಿಲ್, ಮೇ ತಿಂಗಳ ಅಷ್ಟಮಿ ಮಧ್ಯಾಹ್ನ ಓಂ ಬೀಚಿನ ಕಪ್ಪು ಬಂಡೆಯ ಮೈ 45 ಡಿಗ್ರಿ ದಾಟಿದ್ದನ್ನು ಗನ್‌ನಲ್ಲಿ ನೋಡಿದ್ದೇನೆ. ಎರಡು ಮಾರು ಆಚೆ ಕಡಲ ನೀರು 30 ಡಿಗ್ರಿ ಆಸುಪಾಸು. ಅದೇ ಬಂಡೆಯ ಸೀಳಿನಲ್ಲಿ, ನೀಲಿಕಲ್ಲು ಎಂಬ ಚಿಪ್ಪುಜೀವಿ ಒತ್ತೊತ್ತಾಗಿ ಹಿಡಿದುಕೊಂಡ ಜಾಗದಲ್ಲಿ, ಬಿಸಿ ಎಷ್ಟೋ ಕಡಿಮೆ. ಅಲ್ಲಿ ಗ್ರಾಸಿಲೇರಿಯಾ ಎಂಬ ಕೆಂಪು ಪಾಚಿ ಇನ್ನೂ ಜೀವ ಹಿಡಿದುಕೊಂಡಿರುತ್ತದೆ. ಹೊರಮೈಯಲ್ಲಿದ್ದದ್ದು ತುದಿಯಿಂದ ಬೆಳ್ಳಗಾಗಿ ಉದುರಿರುತ್ತದೆ. ಹಾಗಾಗಿ ಕಡಲ ನೀರಿನ ತಾಪಮಾನ ಒಂದನ್ನೇ ಹಿಡಿದು ಮಾತಾಡುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ದಡದ ಪಾಚಿಗೆ ನೀರೊಳಗೆ ಕಳೆದ ಹೊತ್ತು ಎಷ್ಟು ಮುಖ್ಯವೋ, ನೀರಿಲ್ಲದೆ ಕಳೆದ ಹೊತ್ತೂ ಅಷ್ಟೇ ಮುಖ್ಯ.

ಇನ್ನು ಬಣ್ಣದ ಮಾತು. ಕೆಂಪು ಪಾಚಿಯಲ್ಲೂ ಎಲ್ಲ ಗಿಡಗಳ ಹಾಗೆ ಕ್ಲೋರೋಫಿಲ್ ಇದೆ. ಅದರ ಜೊತೆ ಫೈಕೋಎರಿಥ್ರಿನ್ ಎಂಬ ಇನ್ನೊಂದು ವರ್ಣದ್ರವ್ಯ. ನೀರೊಳಗೆ ಇಳಿದಂತೆ ಸೂರ್ಯನ ಬೆಳಕಿನ ಕೆಂಪು ಭಾಗ ಮೊದಲು ಕಳೆದುಹೋಗುತ್ತದೆ, ಹಸಿರು ಮತ್ತು ನೀಲಿ ಉಳಿಯುತ್ತದೆ. ಆ ಉಳಿದ ಬೆಳಕನ್ನು ಹಿಡಿಯುವುದು ಫೈಕೋಎರಿಥ್ರಿನ್ ಕೆಲಸ. ಬಹಾಮಾಸ್‌ನ ತಿಳಿ ನೀರಿನಲ್ಲಿ 268 ಮೀಟರ್ ಆಳದಲ್ಲಿ ಕೆಂಪು ಪಾಚಿ ಸಿಕ್ಕಿದೆ! ನಮ್ಮ ಕಡಲಲ್ಲಿ ಅದು ಸಾಧ್ಯವಿಲ್ಲ. ಮಳೆಗಾಲದಲ್ಲಿ ಹೊಳೆ ತರುವ ಕೆಂಪು ಮಣ್ಣು, ಅಲೆ ಎಬ್ಬಿಸುವ ಕೆಸರು ಸೇರಿ ಬೆಳಕು ಮೇಲೆ ಮೇಲೆಯೇ ನಿಂತುಬಿಡುತ್ತದೆ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗುತ್ತದೆ, ಆಗ ನೋಡಿ ಪಾಚಿ ಚಿಗುರುವುದು.

ಫೈಕೋಎರಿಥ್ರಿನ್ ಅನ್ನು ಕಣ್ಣಾರೆ ನೋಡುವುದು ಬಹಳ ಸುಲಭ. ದಡಕ್ಕೆ ಬಂದು ಬಿದ್ದ ಒಂದು ಹಿಡಿ ಕಡುಗೆಂಪು ಪಾಚಿಯನ್ನು ತೊಳೆದು, ರಾತ್ರಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಸಿಹಿನೀರು ಹಾಕಿ ಕುಟ್ಟಾಣಿಯಲ್ಲಿ ಅರೆಯಿರಿ. ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಬಿಡಿ. ಬೆಳಕಿಗೆ ಅಡ್ಡ ಹಿಡಿದರೆ ನೀರು ಗುಲಾಬಿ. ಬಿಸಿಲಿಗೆ ಹಿಡಿದು, ಬಿಸಿಲು ಬೀಳುವ ಕಡೆಯಿಂದಲೇ ಕಪ್ಪು ಬಟ್ಟೆಯ ಎದುರು ನೋಡಿದರೆ ಅದೇ ನೀರು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಹಿಡಿದ ಬೆಳಕನ್ನು ಕೊಡಲು ಪಕ್ಕದಲ್ಲಿ ಯಾರೂ ಇಲ್ಲದೆ ಆ ದ್ರವ್ಯ ಅದನ್ನು ವಾಪಸ್ ಹೊರಗೆ ಬಿಡುತ್ತಿರುತ್ತದೆ. ಪ್ರತಿ ವರ್ಷ ಮಕ್ಕಳಿಗೆ ಇದನ್ನು ತೋರಿಸುತ್ತೇನೆ. ತರಗತಿಯಲ್ಲಿ ಇದಕ್ಕೆ ಸಿಗುವಷ್ಟು ಗಮನ ಇನ್ಯಾವ ಪಾಠಕ್ಕೂ ಸಿಗುವುದಿಲ್ಲ.

ಈ ದ್ರವ್ಯ ಒಂದು ಪ್ರೋಟೀನು, ಅಂದರೆ ಸಾರಜನಕದ ಗಂಟು. ನೀರಿನಲ್ಲಿ ಸಾರಜನಕ ಕಡಿಮೆಯಾದಾಗ ಪಾಚಿ ತನ್ನ ಕೆಂಪನ್ನೇ ಕರಗಿಸಿ ಹೊಟ್ಟೆ ಹೊರೆಯುತ್ತದೆ. ಆದ್ದರಿಂದ ಬಣ್ಣ ಮಸುಕಾದರೆ ಕಾರಣ ಬಿಸಿಲೂ ಇರಬಹುದು, ಹಸಿವೂ ಇರಬಹುದು. ಬಂಡೆಯ ಮೇಲೆ ನೋಡಿ ಇದನ್ನು ಬೇರೆ ಮಾಡುವುದು ಕಷ್ಟ. ನಾನು ಎರಡು ಬಕೆಟ್ ಇಟ್ಟು ನೋಡಿದೆ. ಎರಡರಲ್ಲೂ ಒಂದೇ ಕಡಲ ನೀರು, ಒಂದೇ ಜಾಗದ ಮಸುಕಾದ ಗ್ರಾಸಿಲೇರಿಯಾ, ಎರಡಕ್ಕೂ ಒಂದೇ ಶೇಡ್ ನೆಟ್ಟು. ಒಂದಕ್ಕೆ ಮಾತ್ರ ಸ್ವಲ್ಪವೇ ಅಮೋನಿಯಂ ಲವಣ. ಕೆಲವೇ ದಿನದಲ್ಲಿ ಆ ಬಕೆಟ್ಟಿನದು ಬುಡದಿಂದ ಕಡುಗೆಂಪಾಗುತ್ತಾ ಬಂತು. ಇನ್ನೊಂದರದ್ದು ಹಾಗೇ ಒಣಹುಲ್ಲಿನ ಬಣ್ಣದಲ್ಲಿ ಉಳಿಯಿತು.

ಹಾಗಾದರೆ ಸಾರಜನಕ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? ಬಂಡೆಯ ಮೇಲೆ ಹಾಗಿಲ್ಲ. ಊರಿನ ಗಟಾರದ ನೀರು ಸೇರುವ ಕಡೆ ಹೋಗಿ ನೋಡಿ. ಅಲ್ಲಿ ಉಲ್ವಾ ಎಂಬ ಹಸಿರು ಪಾಚಿಯದ್ದೇ ರಾಜ್ಯ. ಅದು ತೆಳ್ಳಗಿನ ಹಾಳೆ, ಸಿಕ್ಕಿದ್ದನ್ನು ಬೇಗ ಹೀರಿಕೊಂಡು ಬೇಗ ಬೆಳೆಯುತ್ತದೆ. ನಿಧಾನ ಬೆಳೆಯುವ ಕೆಂಪು ಪಾಚಿ ಅದರ ಅಡಿಗೆ ಸಿಕ್ಕಿ ಬೆಳಕಿಲ್ಲದೆ ಹೋಗುತ್ತದೆ. ನನಗೆ ತೀರಾ ಬೇಸರ ತರಿಸುವ ಜಾಗ ಅದು. ಗಟಾರ ನೀರನ್ನು ಶುದ್ಧ ಮಾಡಿ ಬಿಟ್ಟರೆ ಸಾಕು, ಪಾಚಿ ತನ್ನಷ್ಟಕ್ಕೆ ವಾಪಸ್ ಬರುತ್ತದೆ ಅಂತ ನನ್ನ ನಂಬಿಕೆ.

ಜೂನ್ ಬಂತೆಂದರೆ ಎಲ್ಲ ಲೆಕ್ಕ ಬದಲು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಬೀಳುವ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಘಟ್ಟದಲ್ಲಿ ಬಿದ್ದ ನೀರು ನೇರ ತದಡಿಗೆ ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಬಾಯಲ್ಲಿ 30ರ ಮೇಲಿದ್ದ ಉಪ್ಪಿನಂಶ ಜುಲೈ ಇಳಿತದಲ್ಲಿ ಒಂದಂಕಿಗೆ ಬಂದುಬಿಡುತ್ತದೆ. ಬೆಳಚು (ಹೊಳೆಯ ಚಿಪ್ಪುಜೀವಿ) ಹೆಕ್ಕುವ ಹೆಂಗಸೊಬ್ಬರು ನನಗೆ ಹೇಳಿದ್ದರು: "ಮಾಸ್ತರ್ರೇ, ನಿಮ್ಮ ಮಿಷನ್ ಯಾಕೆ ಬೇಕು? ನೀರು ನಾಲಿಗೆಗೆ ಹಚ್ಚಿದ್ರೆ ಗೊತ್ತಾಗ್ತದೆ." ಅವರು ಹೇಳಿದ್ದು ಖರೆ. ಆದರೆ ನನಗೆ ಅಂಕಿ ಬರೆದಿಡಬೇಕಿತ್ತು.

ಉಪ್ಪು ಹೀಗೆ ಇಳಿದರೆ ಪಾಚಿಗೆ ಆಗುವುದೇನು? ಕಡಲ ನೀರಿಗೆ ಹೊಂದಿಕೊಂಡ ಜೀವಕೋಶ ಸಿಹಿನೀರಿಗೆ ಬಿದ್ದಾಗ ನೀರು ಒಳಗೆ ನುಗ್ಗುತ್ತದೆ. ಕೋಶ ಉಬ್ಬುತ್ತದೆ, ತಡೆಯದಿದ್ದರೆ ಪೊರೆ ಒಡೆಯುತ್ತದೆ, ಗುಲಾಬಿ ದ್ರವ್ಯ ಹೊರಗೆ ಸೋರುತ್ತದೆ. ತದಡಿ ಬದಿಯ ಬಂಡೆಯಲ್ಲಿ ಹಿಪ್ನಿಯಾ, ಅಕ್ಯಾಂಥೋಫೋರಾ ಎಂಬ ಕೆಂಪು ಪಾಚಿಗಳು ಮಳೆಗಾಲದ ನಡುವಿಗೆ ಮಾಯ. ಓಂ ಬೀಚಿನ ಕಡೆ ಅಲೆಯ ಹೊಡೆತಕ್ಕೆ ಮೇಲಿನ ಕೊಂಬೆಗಳು ಕಿತ್ತುಹೋದರೂ ಬಂಡೆಗೆ ಅಂಟಿದ ಬುಡ ಉಳಿಯುತ್ತದೆ. ಈ ವ್ಯತ್ಯಾಸ ಅಕ್ಟೋಬರ್, ನವೆಂಬರ್‌ನಲ್ಲಿ ಎದ್ದು ಕಾಣುತ್ತದೆ. ಬುಡ ಉಳಿದ ಕಡೆ ಚೌಕದ ಮನೆಗಳು ಬೇಗ ತುಂಬುತ್ತವೆ. ಬುಡವೇ ಹೋದ ಕಡೆ ಬೀಜಾಣುಗಳು ಹೊಸದಾಗಿ ಬಂದು ಕೂರುವವರೆಗೆ ಕಾಯಬೇಕು.

ಎಲ್ಲ ಕೆಂಪು ಪಾಚಿಗೂ ಸಿಹಿನೀರು ಆಗುವುದಿಲ್ಲ ಅಂತಲ್ಲ. ಹೊಳೆಯೊಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ ಮಾಸಲು ನೇರಳೆ ಬಣ್ಣದ ಪುಟ್ಟ ಪಾಚಿ ಹಬ್ಬಿರುತ್ತದೆ, ಕೆಟನೆಲ್ಲಾ, ಬಾಸ್ಟ್ರಿಕಿಯಾ ಜಾತಿಯವು. ದಿನಕ್ಕೆರಡು ಸಲ ಉಪ್ಪು ಏರಿಳಿದರೂ, ಮೈಮೇಲೆ ಕೆಸರು ಕೂತರೂ ತಡೆದುಕೊಳ್ಳುತ್ತವೆ. ಹೊನ್ನಾವರದಲ್ಲಿ ಶರಾವತಿಯ ಕಥೆಯೇ ಬೇರೆ. ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬರುವುದರಿಂದ ಅಲ್ಲಿನ ಅಳಿವೆಯಲ್ಲಿ ಉಪ್ಪಿನಂಶ ಅಘನಾಶಿನಿಯಷ್ಟು ಏರುವುದಿಲ್ಲ. ಎರಡು ಹೊಳೆಯ ಬಾಯಿ ಹೋಲಿಸುವಾಗ ಮೇಲೆ ಅಣೆಕಟ್ಟು ಇದೆಯಾ ಅಂತ ಮೊದಲು ಕೇಳಬೇಕು.

ಮಳೆಗಾಲದಲ್ಲೇ ಹುಟ್ಟುವವನೂ ಒಬ್ಬನಿದ್ದಾನೆ, ಪೋರ್ಫೈರಾ ಗುಂಪಿನ ಪಾಚಿ. ನನಗೆ ಎಲ್ಲಕ್ಕಿಂತ ಇಷ್ಟ. ಬೇಸಿಗೆಯಲ್ಲಿ ಬರಿದಾಗಿ ಸುಡುತ್ತಿದ್ದ ಮೇಲಿನ ಬಂಡೆಗಳ ಮೇಲೆ, ಮಳೆ ಹಿಡಿದ ಮೇಲೆ, ನೇರಳೆ ಮಿಶ್ರಿತ ಕಂದು ಹಾಳೆಗಳು ಏಳುತ್ತವೆ. ಬೆರಳ ಮೇಲೆ ಹರಡಿದರೆ ಉಗುರಿನ ಗೆರೆ ಕಾಣುವಷ್ಟು ತೆಳು. ದಪ್ಪ ಒಂದೇ ಜೀವಕೋಶದ್ದು. ಮಳೆ ಬಿಟ್ಟು ಬಿಸಿಲು ಬಂದರೆ ಒಣಗಿ ಬಂಡೆಗೆ ಅಂಟಿದ ಕಪ್ಪು ಸಿಪ್ಪೆಯಾಗುತ್ತದೆ. ಅಲೆ ಎರಚಿದರೆ ಮತ್ತೆ ಜೀವ. ಮೈಯ ನೀರಿನ ಬಹುಪಾಲು ಕಳೆದುಕೊಂಡರೂ ಇವು ಸಾಯುವುದಿಲ್ಲ. ಮೋಡ, ಅಲೆಯ ಎರಚಲು, ಕಡಿಮೆ ಬಿಸಿ ಮೂರೂ ಒಟ್ಟಿಗೆ ಸಿಗುವ ಹೊತ್ತು ನಮ್ಮಲ್ಲಿ ಅದೊಂದೇ. ಕಡಲು ಕದಡಿರುವಾಗ ಕೆಳಗಿನ ಬಂಡೆಗೆ ನಾನು ಇಳಿಯುವುದೇ ಇಲ್ಲ, ಮಕ್ಕಳನ್ನಂತೂ ಕರೆದೊಯ್ಯುವುದಿಲ್ಲ. ಪೋರ್ಫೈರಾ ಮೇಲ್ಮಟ್ಟದಲ್ಲಿ ಇರುವುದರಿಂದ ಅಲೆ ತಾಗದ ಜಾಗದಲ್ಲಿ ನಿಂತೇ ನೋಡಬಹುದು.

ಉಳಿದ ತಿಂಗಳು ಇದು ಎಲ್ಲಿರುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು 1949ರಲ್ಲಿ. ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ಬ್ರಿಟಿಷ್ ವಿಜ್ಞಾನಿ, ಚಿಪ್ಪುಗಳನ್ನು ಕೊರೆದು ಒಳಗೆ ಬದುಕುವ ನವುರಾದ ಗುಲಾಬಿ ಎಳೆಗಳು ಬೇರೆ ಜೀವಿಯಲ್ಲ, ಪೋರ್ಫೈರಾದ್ದೇ ಇನ್ನೊಂದು ಅವಸ್ಥೆ ಅಂತ ತೋರಿಸಿದರು. ಜಪಾನಿನಲ್ಲಿ ನೋರಿ, ಅಂದರೆ ತಿನ್ನುವ ಪೋರ್ಫೈರಾ, ಬೆಳೆಯುವವರು ಇದನ್ನು ಬಳಸಿ ಚಿಪ್ಪಿನಲ್ಲಿ ಬೀಜ ಬೆಳೆಸಲು ಕಲಿತರು. ಡ್ರೂ-ಬೇಕರ್ ನೆನಪಿಗೆ ಅಲ್ಲಿ ಸ್ಮಾರಕವನ್ನೂ ಕಟ್ಟಿದ್ದಾರೆ. ಹಗಲಿನ ಉದ್ದ, ನೀರಿನ ತಾಪಮಾನ ಬದಲಾದಾಗ ಆ ಎಳೆಗಳು ಬೀಜಾಣು ಬಿಡುತ್ತವೆ. ಅವು ಬಂಡೆಗೆ ತಾಗಿ ಹಾಳೆಗಳಾಗುತ್ತವೆ. ಅಂದರೆ ಬೇಸಿಗೆಯಲ್ಲಿ ಖಾಲಿ ಕಾಣುವ ಬಂಡೆಯ ಪಕ್ಕದ ಚಿಪ್ಪಿನ ರಾಶಿಯೂ ಪಾಚಿಯ ಮನೆಯೇ.

ನನ್ನ ಪುಸ್ತಕದಲ್ಲಿ ಈಗ ಹೆಚ್ಚು ಕೆಲಸಕ್ಕೆ ಬರುತ್ತಿರುವುದು ಒಂದೇ ಅಳತೆ. ಎಪಾಕ್ಸಿ ಗುರುತಿನಿಂದ ಕೆಳಗೆ, ಅತಿ ಮೇಲಿನ ಜೀವಂತ ಗ್ರಾಸಿಲೇರಿಯಾ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ ಎಂಬುದು. ಚಳಿಗಾಲದಲ್ಲಿ ಆ ಅಂಚು ಮೇಲೇರುತ್ತದೆ, ಮೇ ತಿಂಗಳ ಹೊತ್ತಿಗೆ ಕೆಳಗೆ ಸರಿಯುತ್ತದೆ. ಬೇಸಿಗೆ ಜೋರಾದ ವರ್ಷ ಅಂಚು ಎಷ್ಟು ಇಳಿಯಿತು, ಮುಂದಿನ ಚಳಿಗೆ ಮತ್ತೆ ಹಳೇ ಜಾಗಕ್ಕೆ ಬಂತಾ ಎಂಬುದನ್ನು ಈ ಅಳತೆ ಬಿಟ್ಟು ಬೇರೆ ಯಾವುದೂ ಇಷ್ಟು ನೇರವಾಗಿ ಹೇಳಿಲ್ಲ. ಕಾರವಾರದಲ್ಲೋ, ಮುರುಡೇಶ್ವರದಲ್ಲೋ, ಸುರತ್ಕಲ್‌ನಲ್ಲೋ ಬಂಡೆಗಳ ಹತ್ತಿರ ಇರುವವರು ಮಾಡುವುದಾದರೆ ನವೆಂಬರ್‌ನಲ್ಲಿ ಶುರು ಮಾಡಿ. ತೆರೆದ ಕಡಲಿನ ಬಂಡೆ ಒಂದು, ಹೊಳೆ ಬಾಯಿಯ ಬಂಡೆ ಒಂದು ಇರಲಿ. ತಾರೀಕಿನ ಜೊತೆ ತಿಥಿಯನ್ನೂ ಬರೆಯಿರಿ, ಇಳಿತದ ಲೆಕ್ಕ ಹಾಕುವಾಗ ಬೇಕಾಗುತ್ತದೆ. ಪಾಚಿಯ ಮೇಲೆ ಕಾಲಿಡದೆ ಬರಿ ಬಂಡೆ ನೋಡಿ ಹೆಜ್ಜೆ ಹಾಕಿ.